ಇಷ್ಟು ನಗಬಹುದಾ ಅಪ್ಪ?

ಮಗುವಿಗೆ ಖುಷಿ ಜಾಸ್ತಿಯಾಗಿದೆ ಎಂದು ಆಸ್ಪತ್ರೆಗೆ ಹೋಗುವವರು ಬಹುಶಃ ಕಡಿಮೆ. ನಾವು ಹೋಗಿದ್ದೆವು. ಜೆ.ಪಿ. ನಗರದ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ, ರಿಸೆಪ್ಷನ್ನಿನ ಹುಡುಗಿ ಕೊಟ್ಟ ಫಾರಂ ಹಿಡಿದು ನಾನು ಬಹಳ ಹೊತ್ತು ಕೂತಿದ್ದೆ. ಮಗುವಿನ ಹೆಸರು, ವಯಸ್ಸು, ತಂದೆಯ ಕೆಲಸ ಎಲ್ಲ ತುಂಬಿಸಿಯಾಗಿತ್ತು. 'ಮುಖ್ಯ ತೊಂದರೆ' ಎಂದಿದ್ದ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

"ಏನಂತ ಬರೀಲಿ?" ಎಂದು ಪಕ್ಕದಲ್ಲಿದ್ದ ಹೆಂಡತಿ ಸವಿತಾಳನ್ನು ಕೇಳಿದೆ.

ಅವಳು ಮಗಳನ್ನು ನೋಡುತ್ತಿದ್ದಳು. ಇಂಚರ ಗೋಡೆಯ ಪಕ್ಕದ ಗಾಜಿನ ತೊಟ್ಟಿಯ ಮುಂದೆ ನಿಂತಿದ್ದಳು. ಅದರಲ್ಲಿ ಮೀನುಗಳಿರಲಿಲ್ಲ. ಹಸಿರು ನೀರಿನೊಳಗೆ ಗುಳ್ಳೆಗಳು ಮಾತ್ರ ಸಾಲಾಗಿ ಏಳುತ್ತಿದ್ದವು. ಒಂದೊಂದು ಗುಳ್ಳೆ ಮೇಲೆ ಬಂದು ಒಡೆದಾಗಲೂ ಅವಳ ಹಿಮ್ಮಡಿ ನೆಲ ಬಿಟ್ಟು ಏಳುತ್ತಿತ್ತು.

"ಖುಷಿ ಅಂತ ಬರೀರಿ" ಎಂದಳು ಸವಿತಾ.

ಹಾಗೇ ಬರೆದುಕೊಟ್ಟೆ. ರಿಸೆಪ್ಷನ್ನಿನ ಹುಡುಗಿ ಓದಿ ತಲೆಯೆತ್ತಿದಳು. "ಸಾರ್, ಇಲ್ಲಿ ತೊಂದರೆ ಬರೀಬೇಕು."

"ಅದೇ ಮೇಡಂ ತೊಂದರೆ."

ಅವಳು ನಗಬಹುದು ಎಂದುಕೊಂಡಿದ್ದೆ. ನಗಲಿಲ್ಲ. ಗುಳ್ಳೆಗಳ ಮುಂದೆ ಕುಣಿಯುತ್ತಿದ್ದ ನನ್ನ ಮಗಳನ್ನು ಒಂದು ಕ್ಷಣ ನೋಡಿ, "ಪರವಾಗಿಲ್ಲ ಸಾರ್. ಡಾಕ್ಟರ್‌ಗೆ ಅರ್ಥ ಆಗತ್ತೆ" ಎಂದು ಫಾರಮ್ಮನ್ನು ಫೈಲಿಗೆ ಸೇರಿಸಿದಳು. ಅಷ್ಟು ದಿನ ಯಾರೂ ಹಾಗೆ ಹೇಳಿರಲಿಲ್ಲ.

ನಾನು ಇಟ್ಟಮಡುವಿನವನು. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ನೆಲದ ಒಂದು ತುಂಡಿನ ಮೇಲೆ ಈಗ ನಮ್ಮ ಮನೆಯಿದೆ. ಕೆಳಗೆ ನನ್ನ ಹಿಟ್ಟಿನ ಮಿಲ್, ಮೊದಲ ಮಹಡಿಯಲ್ಲಿ ನಾವು, ಅದರ ಮೇಲಿನ ಎರಡು ಮಹಡಿಗಳಲ್ಲಿ ಬಾಡಿಗೆಯವರು, ಎಲ್ಲಕ್ಕೂ ಮೇಲೆ ಟೆರೇಸು. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವ್ವ ನಮ್ಮ ಜೊತೆಗಿದ್ದಾಳೆ.

ಇಂಚರ ಮೂರು ನಾಲ್ಕು ವರ್ಷದವಳಿದ್ದಾಗ ಟೆರೇಸಿನ ಮೇಲೆ ಒಣಹಾಕಿದ ಬೆಡ್‌ಶೀಟುಗಳೆಂದರೆ ಅವಳಿಗೆ ಪ್ರಾಣ. ಮಧ್ಯಾಹ್ನ ಮೂರರ ಸುಮಾರಿಗೆ ಗಾಳಿ ಏಳುತ್ತಿತ್ತು. ಬಾಡಿಗೆಯವರ ಶೀಟುಗಳು ಉಸಿರೆಳೆದುಕೊಂಡಂತೆ ಉಬ್ಬಿ ಮತ್ತೆ ಇಳಿಯುತ್ತಿದ್ದವು. ಅವಳು ಅವುಗಳ ನಡುವೆ ಸುಮ್ಮನೆ ನಿಂತಿರುತ್ತಿದ್ದಳು. ಬಿಳಿ, ತಿಳಿನೀಲಿ, ಹಳದಿ ಬಟ್ಟೆಗಳ ಬೆಳಕು ಅವಳ ಮುಖದ ಮೇಲೆ ಹರಿದಾಡುತ್ತಿತ್ತು. ಮೊದಲು ಕಾಲ್ಬೆರಳ ಮೇಲೆ ನಿಲ್ಲುವಳು. ಆಮೇಲೆ ಕೈಗಳು ನಡುಗುವವು. ಆಮೇಲೆ ಗಂಟಲಿನಿಂದ ಒಂದು ತೆಳುವಾದ ಸದ್ದು ಬರುವುದು, ಹಾಲು ಉಕ್ಕುವ ಮೊದಲು ಪಾತ್ರೆ ಮಾಡುವಂಥದ್ದು. ಅದರ ಹಿಂದೆಯೇ ನಗು. ಅಂಥ ನಗುವನ್ನು ನಾನು ಬೇರೆಲ್ಲೂ ಕೇಳಿಲ್ಲ. ಇಡೀ ಮೈಯೇ ನಗುತ್ತಿತ್ತು.

"ಎಷ್ಟ್ ಖುಷಿಯಾಗಿದಾಳೆ ನೋಡಿ ನಿಮ್ಮ ಮಗಳು" ಎಂದು ಮೂರನೇ ಮಹಡಿಯ ಆಂಟಿ ಹೇಳುತ್ತಿದ್ದರು. ನಾನು ಹೆಮ್ಮೆಯಿಂದ ತಲೆಯಾಡಿಸುತ್ತಿದ್ದೆ.

ಆದರೆ ಆ ನಗು ನಿಲ್ಲುತ್ತಿರಲಿಲ್ಲ. ಅರ್ಧ ಗಂಟೆ, ಒಂದು ಗಂಟೆ. ಶೀಟುಗಳನ್ನು ತೆಗೆದ ಮೇಲೂ, ಒಳಗೆ ಕರೆದುಕೊಂಡು ಬಂದ ಮೇಲೂ ನಗುತ್ತಲೇ ಇರುತ್ತಿದ್ದಳು. ಉಸಿರು ಸಿಗದೆ ವಾಂತಿ ಮಾಡಿಕೊಳ್ಳುವಳು. ಹತ್ತಿರ ಇದ್ದವರನ್ನು ಗಟ್ಟಿಯಾಗಿ ಹಿಂಡುವಳು. ತನ್ನ ಮುಂಗೈಯನ್ನು ತಾನೇ ಕಚ್ಚಿಕೊಳ್ಳುವಳು. ಕೊನೆಗೆ ಇದ್ದಕ್ಕಿದ್ದಂತೆ ಅಳು ಬಂದು, ಅತ್ತು ಅತ್ತು, ಊಟ ಇಲ್ಲದೆ ನೆಲದ ಮೇಲೇ ನಿದ್ದೆ ಹೋಗುವಳು. ಮಾರನೆಯ ದಿನ ಜ್ವರ ಬಂದು ಬಿಟ್ಟ ಮಗುವಿನಂತೆ ಸೊರಗಿರುವಳು. ಸ್ಕೂಲಿನ ಡೈರಿಯಲ್ಲಿ 'ಕ್ಲಾಸಿನಲ್ಲಿ ಕಾರಣವಿಲ್ಲದೆ ನಗುತ್ತಾಳೆ' ಎಂದು ಬರೆದು ಕಳಿಸತೊಡಗಿದರು. ನಮ್ಮ ಏರಿಯಾದ ಡಾಕ್ಟರು, "ಚುರುಕು ಮಗು ಕಣ್ರೀ, ಬೆಳೀತಾ ಸರಿಹೋಗತ್ತೆ" ಎಂದರು. ನಮಗೆ ಬೇಕಾಗಿದ್ದೂ ಅದೇ ಮಾತು.

ಅವಳಿಗೆ ಆರು ತುಂಬಿದ ಮೇಲೆ ಗಿರಿನಗರದಲ್ಲಿ ನನ್ನ ತಮ್ಮ ಶಿವುವಿನ ಮಗನ ನಾಮಕರಣವಾಯಿತು. ಶಿವುವಿಗೂ ಅವನ ಹೆಂಡತಿ ಸುನಂದಾಗೂ ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಹುಟ್ಟಿದ ಮಗು. ಇಂಚರ ತಿಂಗಳಿಡೀ "ಪಾಪು, ಪಾಪು" ಎಂದು ಜಪಿಸಿದ್ದಳು. ಶಾಸ್ತ್ರವೆಲ್ಲ ಮುಗಿದ ಮೇಲೆ ಸುನಂದಾ ತಾನೇ ಮಗುವನ್ನು ತಂದು ಇಂಚರಳ ತೊಡೆಯ ಮೇಲೆ ಮಲಗಿಸಿದಳು. ಪಕ್ಕದಲ್ಲಿ ಸವಿತಾ ಕೂತಿದ್ದಳು. ನಾನು ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದೆ.

ಮಗು ತನ್ನ ಪುಟ್ಟ ಮುಷ್ಟಿಯಲ್ಲಿ ಅವಳ ಬೆರಳು ಹಿಡಿಯಿತು. ಅವಳ ಕಾಲ್ಬೆರಳು ಮಡಚಿಕೊಂಡವು. ದೂರದಿಂದ ನನಗೆ ಆ ತೆಳು ಸದ್ದು ಕೇಳಿಸಿತು. ಎಷ್ಟು ಚೆಂದ ಎಂದುಕೊಂಡೆ. ಅವಳು ಮಗುವನ್ನು ಎದೆಗೆ ಅವಚಿಕೊಂಡಳು. ಆ ಅಪ್ಪುಗೆ ಬಿಗಿಯಾಗುತ್ತಾ ಹೋಯಿತು. ಅಳತೊಡಗಿದ್ದ ಮಗುವಿನ ದನಿ ನಡುವೆಯೇ ನಿಂತುಹೋಯಿತು. ಆ ನಿಶ್ಶಬ್ದಕ್ಕೆ ಇಡೀ ಹಾಲ್ ತಿರುಗಿ ನೋಡಿತು. ಸವಿತಾ, ಸುನಂದಾ ಇಬ್ಬರೂ ಸೇರಿ ಅವಳ ಕೈ ಬಿಡಿಸಿದರು. ಮಗುವಿನ ಮುಖ ಕಪ್ಪುಗೆಂಪಾಗಿತ್ತು. ಆಮೇಲೆ ಉಸಿರೆಳೆದುಕೊಂಡು ಕಿರುಚಿ ಅತ್ತಿತು. ಮಗುವಿಗೆ ಏನೂ ಆಗಿಲ್ಲವೆಂದು ಬಳಿಕ ಪಕ್ಕದ ರಸ್ತೆಯ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು. ಆದರೆ ಆ ಒಂದು ನಿಮಿಷದುದ್ದಕ್ಕೂ ಇಂಚರ ನಗುತ್ತಲೇ ಇದ್ದಳು.

"ಮಗೂಗೆ ಉಸಿರು ಹೋಗ್ತಿದ್ರೆ ನಗ್ತಾಳಲ್ಲ!" ಎಂದರು ಯಾರೋ.

"ಕರ್ಕೊಂಡ್ ಹೋಗಿ ಭಾವ ಇವಳನ್ನ" ಎಂದಳು ಸುನಂದಾ, ಮಗುವನ್ನು ಅವಚಿಕೊಂಡು. "ಇದು ಮಗು ಅಲ್ಲ. ಏನೋ ಬೇರೆ."

ನಾನು ಮಗಳ ಕೆನ್ನೆಗೆ ಹೊಡೆದೆ. ಎಲ್ಲರ ಮುಂದೆ, ಬಲವಾಗಿ. ಅದಕ್ಕೂ ಮೊದಲು ಅವಳ ಮೇಲೆ ಕೈಯೆತ್ತಿದವನಲ್ಲ. ನಗು ನಿಲ್ಲಲಿ ಎಂದು ಹೊಡೆದೆನೋ, ನಾನು ಒಳ್ಳೆಯ ತಂದೆ ಎಂದು ಆ ಜನಕ್ಕೆ ತೋರಿಸಲು ಹೊಡೆದೆನೋ, ಇವತ್ತಿಗೂ ಖಾತ್ರಿಯಿಲ್ಲ. ಅವಳ ಕಣ್ಣಲ್ಲಿ ನೀರು ಸುರಿಯಿತು. ನಗು ನಿಲ್ಲಲಿಲ್ಲ. ಆಟೋದಲ್ಲಿ ಮನೆ ಮುಟ್ಟುವವರೆಗೂ ಅಳುತ್ತಲೇ ನಕ್ಕಳು. ಗೇಟಿನ ಹತ್ತಿರ ಇಳಿದಾಗ ದನಿ ಉಡುಗಿತ್ತು. "ಪಾಪು ಮೆತ್ತಗಿತ್ತು ಅಪ್ಪ" ಎಂದಳು.

ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. "ನಗೋ ಮಗೀಗೆ ಯಾರೋ ಕಣ್ಣು ಹಾಕವ್ರೆ ಕಣ್ಲಾ ಮಂಜ. ಒಂದು ದಾರ ಕಟ್ಟಿಸ್ಕೊಂಡ್ ಬಂದ್ರೆ ಸರಿಹೋಯ್ತದೆ." ದಾರವನ್ನೂ ಕಟ್ಟಿಸಿದೆವು. ಒಂದು ವಾರ ಕಳೆದ ಮೇಲೆ ಸವಿತಾ ಇಂಚರಳ ಯೂನಿಫಾರಂ ಇಸ್ತ್ರಿ ಮಾಡುತ್ತಾ, ತಲೆಯೆತ್ತದೆ ಹೇಳಿದಳು: "ನಾನು ದೊಡ್ಡ ಡಾಕ್ಟರ್ ಹತ್ರ ಹೋಗ್ತೀನಿ. ನೀವು ಬಂದ್ರೆ ಬನ್ನಿ."

ಹಾಗೆ ನಾವು ಆ ಫಾರಂ ತುಂಬಿದ್ದು.

ಎಷ್ಟು ಸಲ ಹೋಗಬೇಕಾಯಿತೋ ಲೆಕ್ಕವಿಟ್ಟಿಲ್ಲ. ಅವಳನ್ನು ಒಳಗೆ ಕರೆದುಕೊಂಡು ಆಟವಾಡಿಸುವರು, ಬ್ಲಾಕ್ ಜೋಡಿಸಲು ಹೇಳುವರು, ನಮ್ಮನ್ನು ಕರೆದು ಅವಳು ಹುಟ್ಟಿದಾಗಿನಿಂದ ಒಂದೊಂದನ್ನೂ ಕೇಳುವರು. ಉಳಿದ ಹೊತ್ತು ನಾವು ಆ ಮೀನಿಲ್ಲದ ತೊಟ್ಟಿಯ ಎದುರು ಕೂರುತ್ತಿದ್ದೆವು. ಕಿಟಕಿಯ ಹೊರಗೆ ಮೆಟ್ರೋ ಕಂಬಗಳು, ಒಳಗೆ ಎ.ಸಿ.ಯ ಗುಂಯ್‌ಗುಡುವಿಕೆ. ಅಲ್ಲಿ ಕಾಲ ನೀರಿನೊಳಗೆ ನಡೆದಂತೆ ನಿಧಾನವಾಗಿ ಸಾಗುತ್ತಿತ್ತು. ಕಾಯುವ ತಂದೆತಾಯಿಗಳು ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಎಲ್ಲರೂ ಫೋನ್ ಹಿಡಿದಿರುತ್ತಿದ್ದರು, ಯಾರೂ ಅದನ್ನೂ ನೋಡುತ್ತಿರಲಿಲ್ಲ.

ಒಂದು ದಿನ ಬಿ.ಟಿ.ಎಂ. ಕಡೆಯಿಂದ ಬಂದಿದ್ದ ಒಬ್ಬ ಹೆಂಗಸು ಡಬ್ಬಿ ತೆರೆದು ಸವಿತಾಗೆ ಚಕ್ಕುಲಿ ಕೊಟ್ಟಳು. "ನಿಮ್ಮವಳಿಗೆ ಏನಕ್ಕ?"

ಸವಿತಾ ಹಿಂಜರಿಯುತ್ತಾ, "ತುಂಬಾ ಖುಷಿಯಾಗ್ಬಿಡ್ತಾಳೆ" ಎಂದಳು.

"ನಮ್ಮವನೂ ಅಷ್ಟೆ ಅಕ್ಕ. ಸಂತೋಷ ಆದ್ರೆ ಗೋಡೆಗೆ ತಲೆ ಗುದ್ಕೋತಾನೆ. ಅವರಪ್ಪ ಊರಿಂದ ಬಂದ ದಿನ ಹಣೆ ಊದಿರತ್ತೆ" ಎಂದು ಆಕೆ ಸಹಜವಾಗಿ, ಅಡುಗೆ ವಿಷಯ ಹೇಳಿದ ಹಾಗೆ ಹೇಳಿದಳು. ಸವಿತಾ ಚಕ್ಕುಲಿ ಕೈಯಲ್ಲಿ ಹಿಡಿದುಕೊಂಡೇ ಅಳತೊಡಗಿದಳು. ನಾಮಕರಣದ ದಿನದಿಂದ ಅವಳು ಅತ್ತಿದ್ದನ್ನು ನಾನು ನೋಡಿರಲಿಲ್ಲ. ಆ ಹೆಂಗಸು ಅವಳ ಬೆನ್ನ ಮೇಲೆ ಕೈಯಿಟ್ಟು ಇನ್ನೊಂದು ಕೈಯಿಂದ ಚಕ್ಕುಲಿ ತಿನ್ನುತ್ತಾ ಕೂತಳು.

ಆಟಿಸಂ, ಜೊತೆಗೆ ಎ.ಡಿ.ಎಚ್.ಡಿ. ಎಂದರು ಡಾಕ್ಟರಮ್ಮ. ನರೆಗೂದಲಿನ, ಮೆಲುದನಿಯ ಹೆಂಗಸು. ನಾನು ಕೇಳಿದ ಮೊದಲ ಪ್ರಶ್ನೆ, "ಎಷ್ಟು ದಿನಕ್ಕೆ ವಾಸಿ ಆಗತ್ತೆ ಮೇಡಂ?"

"ಇದು ಬಂದು ಹೋಗೋ ಕಾಯಿಲೆ ಅಲ್ಲ ಮಂಜುನಾಥ್. ಅವಳು ಇರೋದೇ ಹೀಗೆ. ನಮಗೆಲ್ಲ ಖುಷಿ ಬಂದ್ರೆ ಮೈ ತಾನಾಗೇ ತಣ್ಣಗಾಗತ್ತೆ. ಅವಳಿಗೆ ಹತ್ತೋದು ಗೊತ್ತು, ಇಳಿಯೋಕೆ ಬರಲ್ಲ. ಅದನ್ನ ಕಲಿಸಬಹುದು."

"ಹಾಗಾದ್ರೆ ಅದು ನಿಜವಾದ ಖುಷಿ ಅಲ್ವಾ?"

"ನಿಜವಾದ್ದೇ. ನಮ್ಮದಕ್ಕಿಂತ ನಿಜ ಇದ್ರೂ ಇರಬಹುದು."

ನಾನು ನಾಮಕರಣದ ದಿನದ ವಿಷಯ ಹೇಳಿದೆ. ಹೊಡೆದದ್ದನ್ನೂ, ಹೊಡೆದ ಮೇಲೂ ಅವಳು ನಕ್ಕದ್ದನ್ನೂ. ಅವರು ಬರೆಯುವುದನ್ನು ನಿಲ್ಲಿಸಿದರು. "ಅಷ್ಟು ಹೊತ್ತಿಗೆ ಅದು ನಗು ಆಗಿರಲ್ಲ. ಬ್ರೇಕ್ ಇಲ್ಲದೆ ಇಳಿಜಾರಲ್ಲಿ ಓಡೋ ಥರ. ಅವಳಿಗೇ ಹೆದರಿಕೆ ಆಗಿರತ್ತೆ. ತಪ್ಪಾಯ್ತು ಅಂತ ಅವಳಿಗೆ ಹೇಳಿದ್ರಾ?"

ಹೇಳಿರಲಿಲ್ಲ. ಆ ಸಂಜೆ ಮಿಲ್ ಮುಚ್ಚಿ ಮೇಲೆ ಬಂದು ಅವಳ ಎದುರು ನೆಲದ ಮೇಲೆ ಕೂತೆ. "ಇಂಚು, ಅವತ್ತು ನಿನಗೆ ಹೊಡೆದೆ. ತಪ್ಪಾಯ್ತು."

ಅವಳು ಯೋಚಿಸಿದಳು. "ಯಾವ ಕೈ?"

ಬಲಗೈ ಚಾಚಿದೆ. ಅವಳು ಅದನ್ನು ತಿರುವಿ ನೋಡಿದಳು. ಗೆರೆಗಳಲ್ಲಿ ಇನ್ನೂ ಹಿಟ್ಟಿತ್ತು. "ಕೈಗೆ ಹೇಳು" ಎಂದಳು. ನಾನು ನನ್ನ ಕೈಗೆ, ಇನ್ನು ಮೇಲೆ ಹೊಡೀಬಾರದು ಎಂದು ಗಟ್ಟಿಯಾಗಿ ಹೇಳಿದೆ. ಸರಿಯೆಂಬಂತೆ ತಲೆಯಾಡಿಸಿ ತನ್ನ ಪುಸ್ತಕಕ್ಕೆ ಮರಳಿದಳು.

ಇಷ್ಟಾದ ಮೇಲೂ ನಾವು ಇನ್ನೊಂದು ತಪ್ಪು ಮಾಡಿದೆವು. ಅದು ಹೊಡೆತಕ್ಕಿಂತ ದೊಡ್ಡದು. ಹತ್ತಿದರೆ ಇಳಿಯಲು ಬರುವುದಿಲ್ಲ ತಾನೆ, ಹಾಗಾದರೆ ಹತ್ತುವುದೇ ಬೇಡ ಎಂದು ನಾವೇ ತೀರ್ಮಾನಿಸಿದೆವು. ಟೆರೇಸಿಗೆ ಬೀಗ ಬಿತ್ತು. ಬಲೂನು, ಗುಳ್ಳೆ, ನೆಂಟರು, ಹುಟ್ಟುಹಬ್ಬ ಎಲ್ಲ ನಿಂತವು. ಸ್ಕೂಲು ಬಿಟ್ಟು ಬಂದು ಮಿಲ್ಲಿನ ಬಾಗಿಲಲ್ಲಿ ನಿಂತು, ಬಿಸಿಲಿನ ಪಟ್ಟಿಯಲ್ಲಿ ತೇಲುವ ರಾಗಿಹಿಟ್ಟಿನ ಧೂಳು ನೋಡುವುದು ಅವಳ ರೂಢಿಯಾಗಿತ್ತು. ನಾನು ಅಲ್ಲಿಗೊಂದು ಹಲಗೆ ಅಡ್ಡ ಇಟ್ಟೆ. ಅವಳ ಹಿಮ್ಮಡಿ ಎದ್ದರೆ ಸಾಕು, "ಶ್, ಸಾಕು ಇಂಚು" ಎನ್ನುತ್ತಿದ್ದೆವು. ಮೂರ್ನಾಲ್ಕು ತಿಂಗಳಲ್ಲಿ ಮನೆ ಶಾಂತವಾಯಿತು. ಬಂದವರು, "ಈಗ ಎಷ್ಟು ಸಮಾಧಾನ ಆಗಿದಾಳೆ" ಎಂದರು. ನಾವೂ ಗೆದ್ದೆವು ಎಂದುಕೊಂಡೆವು.

ಒಂದು ಭಾನುವಾರ ಬೆಳಗ್ಗೆ ಮೂರನೇ ಮಹಡಿಯ ಆಂಟಿ ಬೀಗದ ಕೈ ಇಸಿದುಕೊಂಡು ಹೋಗಿ ಟೆರೇಸಿನ ಮೇಲೆ ಜಮಖಾನ ಒಗೆಯುತ್ತಿದ್ದರು. ಸೋಪಿನ ನೊರೆ ಗಾಳಿಗೆ ಹಾರಿ ನಮ್ಮ ಕಿಟಕಿಯ ಮುಂದೆ ಇಳಿಯತೊಡಗಿತು. ಮುಷ್ಟಿಯಷ್ಟು, ತಲೆದಿಂಬಿನಷ್ಟು ಗಾತ್ರದ ಬಿಳಿ ತುಂಡುಗಳು ಅವಸರವಿಲ್ಲದೆ, ತಿರುಗುತ್ತಾ, ಒಳಗೆ ಬಣ್ಣಗಳನ್ನು ಇಟ್ಟುಕೊಂಡು ತೇಲಿ ಹೋಗುತ್ತಿದ್ದವು. ಇಂಚರ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಅವಳ ಹಿಮ್ಮಡಿ ಮೇಲೆದ್ದಿತು. ಆಮೇಲೆ ಅವಳೇ ಅದನ್ನು ನೆಲಕ್ಕೆ ಒತ್ತಿದಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನನ್ನ ಕಡೆ ತಿರುಗಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ರಾಗಿಕಾಳು ತೂರುವಷ್ಟು ಜಾಗ ಮಾಡಿ ತೋರಿಸಿದಳು.

"ಅಪ್ಪ, ಇಷ್ಟು ನಗಬಹುದಾ?"

ಅಡುಗೆಮನೆಯಲ್ಲಿ ಸವಿತಾ ಒಲೆ ಆರಿಸಿದ್ದು ಕೇಳಿಸಿತು. ಅವಳು ಬಂದು ಬಾಗಿಲಲ್ಲಿ ನಿಂತಳು. "ಏನ್ ಮಾಡ್ಬಿಟ್ವಿ ರೀ ನಾವು?" ಅಷ್ಟು ಹೊತ್ತಿಗೆ ನೊರೆಯೆಲ್ಲ ಮುಗಿದಿತ್ತು. ಉತ್ತರಕ್ಕೆ ಕಾದು ಕಾದು ಮಗಳು ಬೆರಳು ಇಳಿಸಿದ್ದಳು.

ಆ ವಾರ ಥೆರಪಿಗೆ ಹೋದಾಗ ಇದನ್ನು ಶೈಲಜಾ ಮೇಡಂಗೆ ಹೇಳಿದೆವು. ಅದೇ ಕ್ಲಿನಿಕ್ಕಿನಲ್ಲಿ ಇಂಚರಳ ಥೆರಪಿಸ್ಟ್ ಆಗಿದ್ದವರು, ಮೂವತ್ತರ ಆಸುಪಾಸಿನ ಹುಡುಗಿ.

"ಖುಷಿ ನಿಲ್ಸಿ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ ಸಾರ್?"

"ಇಲ್ಲ ಮೇಡಂ."

"ಅವಳ ಜೊತೇಲಿ ಹತ್ತಿ, ಜೊತೇಲೇ ಇಳೀರಿ. ಒಬ್ಬಳೇ ಹತ್ತಿದಾಗ ತಾನೆ ಅಲ್ಲಿ ಸಿಕ್ಕಿಹಾಕ್ಕೊಳ್ಳೋದು? ಮನೆ ಎಷ್ಟು ಫ್ಲೋರು ನಿಮ್ಮದು?"

ನಮ್ಮ ಮನೆಯ ಚಿತ್ರ ಬರೆಸಿದರು. ಕೆಳಗೆ ಮಿಲ್ಲು, ಮೇಲೆ ಟೆರೇಸು. ಖುಷಿಯಾದಾಗ ಈಗ ಯಾವ ಮಹಡಿಯಲ್ಲಿದ್ದೀಯ ಎಂದು ಕೇಳಬೇಕು. ಟೆರೇಸು ಎಂದರೆ ಬೈಯಬಾರದು, 'ಸಾಕು' ಎನ್ನಬಾರದು, ಜಾಸ್ತಿ ಮಾತಾಡಲೇಬಾರದು. ದನಿ ತಗ್ಗಿಸಿ ಪಕ್ಕದಲ್ಲಿ ಕೂರಬೇಕು. ಭುಜ, ಅಂಗೈ ಒತ್ತಬೇಕು. ತಣ್ಣೀರನ್ನು ಸ್ಟ್ರಾದಲ್ಲಿ ಕುಡಿಸಬೇಕು. ಭಾರದ ಕೆಲಸ ಕೊಡಬೇಕು, ತಳ್ಳುವುದು, ಎಳೆಯುವುದು.

ಭಾರಕ್ಕೆ ಮಿಲ್ಲಿನಲ್ಲಿ ಏನು ಕಡಿಮೆ? ಮಿಷನ್ನಿಗೆ ಸುತ್ತ ಜಾಲರಿ ಹಾಕಿಸಿ, ಅಡ್ಡ ಇಟ್ಟಿದ್ದ ಹಲಗೆ ತೆಗೆದೆ. ಅವಳು ಗೋಧಿ ಚೀಲವನ್ನು ಬಾಗಿಲಿನಿಂದ ಗೋಡೆಯವರೆಗೆ ತಳ್ಳುವಳು, ಮತ್ತೆ ವಾಪಸ್ಸು ತಳ್ಳುವಳು. ನೋಡಿ ಅವ್ವ ಸಿಡುಕಿದಳು: "ಹೆಣ್ಣು ಮಗೀನ ಕೈಲಿ ಮೂಟೆ ತಳ್ಸೀಯಾ? ಇದ ಹೇಳ್ಕೊಡಾಕೆ ಡಾಕ್ಟ್ರು ಬೇಕಾಗಿತ್ತಾ?" ಆದರೆ ನಾಲ್ಕನೆಯ ಸಲ ತಳ್ಳುವ ಹೊತ್ತಿಗೆ ಮಗುವಿನ ಉಸಿರು ತಗ್ಗಿದ್ದನ್ನು ಅವ್ವ ನೋಡಿದಳು. ಮಾರನೆಯ ದಿನದಿಂದ ಕಾಲು ಚಾಚಿ ಕೂತು, ಮೊಮ್ಮಗಳನ್ನು ನಡುವೆ ಕೂರಿಸಿಕೊಂಡು ಎರಡೂ ತೋಳಿಂದ ಬಿಗಿಯಾಗಿ ಹಿಡಿದುಕೊಳ್ಳುವ ಕೆಲಸ ಅವ್ವನದಾಯಿತು. ಹಿಡಿಯುವುದು ಅವಳಿಗೆ ಕಷ್ಟವಾಗಲಿಲ್ಲ. ಆ ಹೊತ್ತು ಮಾತಾಡಬಾರದೆಂಬುದೇ ಕಷ್ಟ. ತುಟಿ ಬಿಗಿದುಕೊಂಡು ನಮ್ಮ ಕಡೆ ಕಣ್ಣು ಬಿಡುತ್ತಿದ್ದಳು.

ನಿದ್ದೆಗೆಂದು ಡಾಕ್ಟರಮ್ಮ ಒಂದು ಮಾತ್ರೆಯನ್ನೂ ಕೊಟ್ಟಿದ್ದರು. ಮಗು ಮಂಕಾಗುತ್ತದೆ ಎಂದು ಎಷ್ಟೋ ಜನ ಹೆದರಿಸಿದರು. ನಾವೂ ಹೆದರಿದ್ದೆವು. ಮಂಕಾಗಲಿಲ್ಲ, ನಿದ್ದೆ ಮಾಡಿದಳು ಅಷ್ಟೆ. ಬೇಡವಾದಾಗ ಅವರೇ ನಿಲ್ಲಿಸಿದರು.

ಎಲ್ಲವೂ ಸಲೀಸಾಗಿ ಆಯಿತೆಂದು ಯಾರೂ ತಿಳಿಯಬಾರದು. ಜಯನಗರದ ಒಂದು ಬಟ್ಟೆ ಅಂಗಡಿಯಲ್ಲಿ ಎದುರುಬದುರು ಗೋಡೆಗೆ ಕನ್ನಡಿಗಳಿದ್ದವು. ಇಂಚರ ನಡುವೆ ನಿಂತಳು. ಅವಳ ಹಿಂದೆ ಅವಳು, ಅದರ ಹಿಂದೆ ಇನ್ನೂ ಅವಳು, ಬೆಳಕಿನೊಳಗೆ ದೂರ ದೂರಕ್ಕೆ ಸಾಲಾಗಿ ನೂರಾರು ಇಂಚರರು. ಕಣ್ಣು ಮಿಟುಕಿಸುವಷ್ಟರಲ್ಲಿ ಟೆರೇಸಿಗೆ ಹೋಗಿಯಾಗಿತ್ತು. ನಾನು ಕಲಿತದ್ದನ್ನೆಲ್ಲ ಮರೆತು, "ಇಂಚು, ಇಂಚು, ನೋಡಿಲ್ಲಿ, ಬಾ, ನೀರು ಕುಡಿ" ಎಂದು ಒಂದೇ ಸಮ ಮಾತಾಡಿದೆ. ಅವಳು ನನ್ನ ತೋಳು ಕಚ್ಚಿದಳು. ಜನ ಸೇರಿದರು. ಯಾರೋ ಫೋನ್ ಎತ್ತಿದರು. ಸವಿತಾ ಹೋಗಿ ಆ ಫೋನಿನ ಮುಂದೆ ನಿಂತಳು. "ಅಕ್ಕ, ಮಗು ಖುಷಿಯಾಗಿದೆ ಅಷ್ಟೆ. ಅದನ್ನ ವೀಡಿಯೋ ಮಾಡ್ಬೇಡಿ."

ಅಂಗಡಿಯ ವಯಸ್ಸಾದ ಅಂಕಲ್ ಒಬ್ಬರು ಏನೂ ಕೇಳದೆ ಹೋಗಿ ಆ ಸಾಲಿನ ದೀಪಗಳನ್ನು ಆರಿಸಿದರು. ಕನ್ನಡಿಗಳ ಮೇಲೆ ಎರಡು ಸೀರೆ ಇಳಿಬಿಟ್ಟರು. ಆ ಮಬ್ಬಿನಲ್ಲಿ ಲಂಗದ ಡಬ್ಬಗಳ ನಡುವೆ ನೆಲದ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆವು. ಅವಳು ಅತ್ತು, ಬಿಕ್ಕಿ, ನನ್ನ ತೊಡೆಯ ಮೇಲೆ ತಲೆಯಿಟ್ಟಳು. ಹೊರಡುವಾಗ ಅಂಕಲ್, "ಬೆಳಗ್ಗೆ ಹೊತ್ತು ಬನ್ನಿ ಸಾರ್, ಯಾರೂ ಇರಲ್ಲ" ಎಂದರು.

ಸುನಂದಾ ಒಂದೂವರೆ ವರ್ಷ ನಮ್ಮ ಮನೆಗೆ ಬರಲಿಲ್ಲ. ಶಿವು ಬಂದು ಹೋಗುತ್ತಿದ್ದ, ವಿಷಯವೆಲ್ಲ ಅವನಿಗೆ ಗೊತ್ತಿತ್ತು. ಒಂದು ದಿನ ಅವಳು ಮಗುವನ್ನು ಕಂಕುಳಲ್ಲಿ ಬಿಗಿಯಾಗಿ ಹಿಡಿದುಕೊಂಡು ಮಿಲ್ಲಿನ ಬಾಗಿಲಿಗೆ ಬಂದಳು. ಇಂಚರ ಅಲ್ಲೇ ಇದ್ದಳು. ನಾನು ಮಿಷನ್ ನಿಲ್ಲಿಸಿದೆ.

"ಚಿಕ್ಕಮ್ಮ, ನಾನು ಮುಟ್ಟಲ್ಲ. ನೋಡ್ತೀನಿ ಅಷ್ಟೆ" ಎಂದಳು ಇಂಚರ. ಚೀಲದ ಮೇಲೆ ಕೂತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

ಸುನಂದಾಳ ಮುಖ ಕಿವುಚಿಕೊಂಡಿತು. ಬಹಳ ಹೊತ್ತಿನ ಮೇಲೆ ಅವಳ ಪಕ್ಕದಲ್ಲಿ ಕೂತು, ಮಗುವಿನ ಒಂದು ಪಾದವನ್ನು ಮುಂದೆ ಚಾಚಿದಳು. "ಇಲ್ಲಿ ಮುಟ್ಟು."

ಇಂಚರ ಒಂದು ಕೈ ಹೊರತೆಗೆದು ಒಂದು ಬೆರಳಿನಿಂದ ಮುಟ್ಟಿದಳು. ಮಗು ಪಾದ ಎಳೆದುಕೊಂಡು ನಕ್ಕಿತು. ಇವಳು ತಟ್ಟನೆ ಎದ್ದು ಗೋಧಿ ಚೀಲವನ್ನು ಮೂರು ಸಲ ಅತ್ತಿಂದಿತ್ತ ತಳ್ಳಿ, ಏದುಸಿರು ಬಿಡುತ್ತಾ ಮತ್ತೆ ಬಂದು ಕೂತಳು.

"ಅವತ್ತು ನಾನು ಹಾಗನ್ನಬಾರದಿತ್ತು ಭಾವ" ಎಂದಳು ಸುನಂದಾ.

ಇವತ್ತಿಗೂ ಅವಳು ಮಗನನ್ನು ಇಂಚರಳ ಜೊತೆ ಒಂಟಿಯಾಗಿ ಬಿಡುವುದಿಲ್ಲ. ಅದು ತಪ್ಪು ಎಂದು ನನಗೆ ಅನಿಸುವುದಿಲ್ಲ. ಆದರೆ ಬರುತ್ತಾಳೆ.

ಈಗ ಇಂಚರಳಿಗೆ ಒಂಬತ್ತು. ಆ ತೆಳು ಸದ್ದು ಈಗಲೂ ಬರುತ್ತದೆ, ಮುಂದೆಯೂ ಬರುತ್ತದೆ. ಇದನ್ನೆಲ್ಲ ಬರೆಯುತ್ತಿರುವುದು ಎಲ್ಲೋ ಒಂದು ಕ್ಲಿನಿಕ್ಕಿನಲ್ಲಿ ಫಾರಂ ಹಿಡಿದು ಕೂತವರಿಗಾಗಿ. 'ಖುಷಿ' ಎಂದು ಬರೆಯಲು ನಾಚಿಕೆಪಡಬೇಡಿ. ನಿಮಗಿಂತ ಮುಂಚೆ ನಾವು ಬರೆದಿದ್ದೇವೆ.

ಈ ಬೇಸಿಗೆಯ ಶುರುವಿನಲ್ಲಿ ಒಂದು ಬೆಳಗ್ಗೆ, ಬನಶಂಕರಿ ಎರಡನೇ ಹಂತದಲ್ಲಿ ಒಬ್ಬರಿಗೆ ಹಿಟ್ಟು ಕೊಡಲು ಸ್ಕೂಟರಿನಲ್ಲಿ ಹೊರಟಿದ್ದೆ. ಇಂಚರ ಹಿಂದೆ ಕೂತಿದ್ದಳು. ಅಲ್ಲಿಯ ಒಂದು ಅಡ್ಡರಸ್ತೆಯಲ್ಲಿ ಹೊಂಗೆ ಮರಗಳು ಹೂ ಸುರಿಸಿದ್ದವು. ರಸ್ತೆ, ಕಾರುಗಳ ಮೇಲ್ಭಾಗ, ಕಾಂಪೌಂಡುಗಳು ಎಲ್ಲದರ ಮೇಲೂ ಪುರಿ ಚೆಲ್ಲಿದ ಹಾಗೆ ಬಿಳಿ ನೇರಳೆ ಹೂ. ಬಿಸಿಲಿನ್ನೂ ಏರಿರಲಿಲ್ಲ. ಗಾಳಿಯಿಲ್ಲದೆಯೂ ಹೂ ಉದುರುತ್ತಿತ್ತು. ರಸ್ತೆ ಗುಡಿಸುವ ಅಕ್ಕ ಒಬ್ಬರು ಅವನ್ನೆಲ್ಲ ಒಂದು ದೊಡ್ಡ ಗುಡ್ಡೆ ಮಾಡಿದ್ದರು.

ಬೆನ್ನ ಹಿಂದೆ ಆ ಸದ್ದು ಕೇಳಿಸಿತು. ಸ್ಕೂಟರ್ ನಿಲ್ಲಿಸಿದೆ. ಇಳಿದು ಓಡಿದವಳು ಗುಡ್ಡೆಯ ಮುಂದೆ ನಿಂತು ಆ ಅಕ್ಕನ ಮುಖ ನೋಡಿದಳು.

"ಆಡ್ಲಿ ಬಿಡಣ್ಣ" ಎಂದರು ಆಕೆ ನನಗೆ. "ಆಮೇಲೆ ಗುಡಿಸ್ಕೊತೀನಿ."

ಇಂಚರ ಹೂವಿನೊಳಗೆ ಬಿದ್ದಳು. ಎರಡೂ ಕೈಯಿಂದ ಬಾಚಿ ಮೇಲಕ್ಕೆಸೆದಳು. ನಗು ಏರುತ್ತಾ ಹೋಯಿತು. ನಾನೂ ಚಪ್ಪಲಿ ಬಿಟ್ಟು ಅವಳ ಪಕ್ಕ ಕೂತೆ. ಹೂ ತಣ್ಣಗಿತ್ತು, ಸ್ವಲ್ಪ ಕಹಿ ವಾಸನೆಯಿತ್ತು. ಅವಳು ನನ್ನ ತಲೆಯ ಮೇಲೆ ಸುರಿದಳು, ನಾನು ಅವಳ ತಲೆಯ ಮೇಲೆ ಸುರಿದೆ. ವಾಕಿಂಗಿಗೆ ಹೊರಟವರು ನಿಂತು ನೋಡಿ ಹೋದರು. ನಾನು ಮಗಳ ಉಸಿರನ್ನು ಎಣಿಸುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವಳನ್ನು ಗಮನಿಸುವುದನ್ನೇ ಮರೆತಿದ್ದೆ. ನನ್ನ ನಗು ನನಗೇ ಕೇಳಿಸಿದಾಗ ಎಚ್ಚರವಾಯಿತು, ಹೆದರಿ ಅವಳ ಕಡೆ ತಿರುಗಿದೆ.

ಅವಳು ಎರಡೂ ಮೊಣಕಾಲು ಅಪ್ಪಿಕೊಂಡು, ಗಲ್ಲವನ್ನು ಅದರ ಮೇಲೆ ಗಟ್ಟಿಯಾಗಿ ಒತ್ತಿ ಕೂತಿದ್ದಳು. ನಗು ತಗ್ಗುತ್ತಿತ್ತು. ಸ್ವಲ್ಪ ಹೊತ್ತಿಗೆ ಉಸಿರಷ್ಟೇ ಉಳಿಯಿತು. ಮುಂದೆ ಬರುವ ಅಳುವಿಗಾಗಿ ನಾನು ಕಾದೆ. ಅಳು ಬರಲಿಲ್ಲ. ಅವಳು ಎದ್ದು ಫ್ರಾಕು ಕೊಡವಿಕೊಂಡು, ಗುಡಿಸುವ ಅಕ್ಕನಿಗೆ "ಆಯ್ತು ಆಂಟಿ" ಎಂದಳು.

ಸ್ಕೂಟರಿನ ಹತ್ತಿರ ಬಂದ ಮೇಲೆ ತನ್ನ ಎದೆಯ ಮೇಲೆ ಅಂಗೈಯಿಟ್ಟು, ಏನನ್ನೋ ಆಲಿಸುವವಳಂತೆ ನಿಂತಳು.

"ಅಪ್ಪ, ಇನ್ನೂ ಸ್ವಲ್ಪ ಉಳ್ಕೊಂಡಿದೆ."

"ಏನು?"

"ಖುಷಿ" ಎಂದಳು. "ಅಮ್ಮಂಗೆ ತಗೊಂಡ್ ಹೋಗೋಣ."